ನಡೆದರೆ ನೋವು, ಕೂತರೆ ಆರಾಮ: ಸ್ಪೈನಲ್ ಸ್ಟೆನೋಸಿಸ್

‘ನಾಲ್ಕು ಹೆಜ್ಜೆ ಹಾಕಿದರೆ ಕಾಲು ಸೆಳೆಯುತ್ತೆ, ಜೋಮು ಹಿಡಿಯುತ್ತೆ. ಎಲ್ಲಾದರೂ ಕೂತರೆ ಸರಿಹೋಗುತ್ತೆ’ ಎಂದು ಹಿರಿಯರು ಹೇಳಿದರೆ ಮನೆಯವರು ಮಂಡಿ ಸವೆತ ಅಂದುಕೊಂಡು ಎಣ್ಣೆ ತಿಕ್ಕುತ್ತಾರೆ. ಬಹಳ ಸಲ ತೊಂದರೆ ಇರುವುದು ಮಂಡಿಯಲ್ಲಲ್ಲ, ಸೊಂಟದಲ್ಲಿ. ಅಲ್ಲಿ ಬೆನ್ನುಮೂಳೆಯೊಳಗಿನ ನಾಳ ಕಿರಿದಾಗಿ ಕಾಲಿನ ನರಗಳು ಇಕ್ಕಟ್ಟಿಗೆ ಸಿಕ್ಕಿರುತ್ತವೆ. ಇದೇ ಸ್ಪೈನಲ್ ಸ್ಟೆನೋಸಿಸ್. 60 ದಾಟಿದವರಲ್ಲಿ ಇದು ಹೆಚ್ಚು.

ಜಾಗ ಕಿರಿದಾಗುವುದು ಹೇಗೆ?

ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗೆ ನಾಳದಲ್ಲಿ ಇರುವುದು ಕುದುರೆ ಬಾಲದಂತೆ ಇಳಿಬಿದ್ದ ನರಗಳ ಗೊಂಚಲು. ವಯಸ್ಸಾದಂತೆ ಮುಂದಿನಿಂದ ಡಿಸ್ಕ್ ಉಬ್ಬುತ್ತದೆ, ಹಿಂದಿನ ಪುಟ್ಟ ಕೀಲುಗಳು ಸವೆದು ದಪ್ಪಗಾಗುತ್ತವೆ, ಮಣಿಗಳನ್ನು ಬಿಗಿದಿಟ್ಟ ಹಳದಿ ಅಸ್ಥಿರಜ್ಜು ದಪ್ಪಗಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಸೊಂಟದ ನಾಲ್ಕು ಮತ್ತು ಐದನೇ ಮಣಿಗಳ ನಡುವೆ ಈ ಒತ್ತುವರಿ ಹೆಚ್ಚು. ಮುಂದಿನಿಂದ ಹಿಂದಕ್ಕೆ ಸಾಮಾನ್ಯವಾಗಿ 15 ಮಿ.ಮೀ.ಗಿಂತ ಅಗಲವಿರುವ ನಾಳ 10 ಮಿ.ಮೀ.ಗಿಂತ ಕಡಿಮೆಯಾದರೆ ತೀವ್ರ ಎನ್ನುತ್ತಾರೆ. ಡಚ್ ನರಶಸ್ತ್ರಜ್ಞ ಹೆಂಕ್ ವರ್ಬೀಸ್ಟ್ 1954ರಲ್ಲಿ ಈ ಕಾಯಿಲೆಯ ಚಿತ್ರವನ್ನು ವೈದ್ಯಲೋಕಕ್ಕೆ ಸ್ಪಷ್ಟವಾಗಿ ಬಿಡಿಸಿಟ್ಟರು.

ಕೆಲವರಿಗೆ ನಾಳ ಹುಟ್ಟಿನಿಂದಲೇ ಕಿರಿದು. ಪಾವಗಡದಂಥ ಬಯಲುಸೀಮೆಯ ಊರುಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರನ್ನೇ ವರ್ಷಗಟ್ಟಲೆ ಕುಡಿದವರಲ್ಲಿ ಇನ್ನೊಂದು ಕಾರಣವೂ ಇರಬಹುದು: ಅಸ್ಥಿರಜ್ಜುಗಳು ಸುಣ್ಣಗಟ್ಟಿ ಗಟ್ಟಿಯಾಗುತ್ತವೆ.

ರೋಗಿಯ ಮಾತಲ್ಲೇ ಸುಳಿವು

ನೆಟ್ಟಗೆ ನಿಂತಾಗ ನಾಳ ಇನ್ನಷ್ಟು ಕಿರಿದಾಗುತ್ತದೆ, ಮುಂದಕ್ಕೆ ಬಾಗಿದರೆ ಸ್ವಲ್ಪ ತೆರೆದುಕೊಳ್ಳುತ್ತದೆ. ಕಾಯಿಲೆಯ ವಿಚಿತ್ರ ನಡವಳಿಕೆಗೆಲ್ಲ ಇದೇ ಕಾರಣ. ರಸ್ತೆ ಕೊನೆವರೆಗೆ ನಡೆಯಲಾರದವರು ಸೈಕಲ್ ತುಳಿಯಬಲ್ಲರು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಸೂಪರ್ ಮಾರ್ಕೆಟ್ಟಿನಲ್ಲಿ ಗಾಡಿಯ ಮೇಲೆ ಒರಗಿಕೊಂಡು ಇಡೀ ಅಂಗಡಿ ಸುತ್ತುವವರು ಬಿಲ್ಲಿಂಗ್ ಸಾಲಿನಲ್ಲಿ ಎರಡು ನಿಮಿಷ ನಿಲ್ಲಲಾರರು.

ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದಾಗ ನೋವು ಬರುತ್ತದೆ. ಆದರೆ ಅವರಿಗೆ ಸುಮ್ಮನೆ ನಿಂತರೆ ಸಾಕು, ಬಾಗಬೇಕಿಲ್ಲ, ಕೂರಬೇಕಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಎರಡೂ ಒಟ್ಟಿಗೇ ಇರಬಹುದು. ಪಾದದ ನಾಡಿ ಮುಟ್ಟಿ ನೋಡದೆ ನೇರ ಸ್ಕ್ಯಾನಿಂಗಿಗೆ ಬರೆದುಕೊಡುವುದು ಒಳ್ಳೆಯ ಲಕ್ಷಣವಲ್ಲ.

ರಿಪೋರ್ಟು ನೋಡಿ ಹೆದರಬೇಡಿ

ಯಾವ ನೋವೂ ಇಲ್ಲದ ಹಿರಿಯರ ಎಂಆರ್‌ಐ ತೆಗೆದರೂ ಅನೇಕರಲ್ಲಿ ನಾಳ ಕಿರಿದಾಗಿರುವುದು ಕಾಣುತ್ತದೆ. ‘ತೀವ್ರ’ ಎಂದು ಬರೆದಿದ್ದರೂ ಆರಾಮವಾಗಿ ಓಡಾಡುವವರಿದ್ದಾರೆ. ಎಷ್ಟು ದೂರ ನಡೆಯಬಲ್ಲಿರಿ ಎಂಬುದೇ ಚಿಕಿತ್ಸೆಗೆ ಮುಖ್ಯ ಅಳತೆ.

ತಡಮಾಡಬಾರದ ಸಂದರ್ಭ

ಮೂತ್ರ ಕಟ್ಟಿಕೊಂಡರೆ ಅಥವಾ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಕಾಲಿನ ಬಲ ದಿಢೀರನೆ ಕುಂದಿದರೆ ಅಂದೇ ಆಸ್ಪತ್ರೆ ಸೇರಬೇಕು. ಕುತ್ತಿಗೆಯಲ್ಲಿ ನಾಳ ಕಿರಿದಾದರೆ ಬೆನ್ನುಹುರಿಗೇ ಪೆಟ್ಟು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಅಕ್ಷರ ಕೆಡುವುದು, ನಡಿಗೆ ತೂರಾಡುವುದು ಅದರ ಸೂಚನೆ.

ಚಿಕಿತ್ಸೆ

ಹೆಚ್ಚಿನವರಿಗೆ ಮೊದಲ ಚಿಕಿತ್ಸೆ ವ್ಯಾಯಾಮವೇ. ಬೆನ್ನ ಮೇಲೆ ಮಲಗಿ ಮಂಡಿಯನ್ನು ಎದೆಗೆ ಎಳೆದುಕೊಳ್ಳುವುದು, ಹೊಟ್ಟೆಯ ಸ್ನಾಯು ಬಲಪಡಿಸುವುದು, ನಿಂತಲ್ಲೇ ತುಳಿಯುವ ಸೈಕಲ್, ನಡುನಡುವೆ ಕೂತು ನಡೆಯುವುದು. ಬೆನ್ನು ಹಿಂದಕ್ಕೆ ಬಾಗಿಸುವ ಆಸನಗಳನ್ನು ಇವರು ಬಿಡುವುದು ಮೇಲು. ಯೋಗದ ಗುರುಗಳಿಗೆ ಮೊದಲೇ ಹೇಳಿಬಿಡಿ. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡ, ಜಠರಕ್ಕೆ ಹಾನಿ. ಬೆನ್ನಿಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆ ಹೆಚ್ಚು ಆಸೆ ಬೇಡ: 400 ರೋಗಿಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಬರೀ ಮರಗಟ್ಟಿಸುವ ಮದ್ದು ಕೊಟ್ಟವರಿಗಿಂತ ಸ್ಟೆರಾಯ್ಡ್ ಸೇರಿಸಿ ಕೊಟ್ಟವರಿಗೆ ಆರು ವಾರಗಳಲ್ಲಿ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ.

ಇಷ್ಟಾದರೂ ನಡಿಗೆ ಮೊಟಕಾಗುತ್ತಲೇ ಹೋದರೆ ಆಪರೇಷನ್. ಹಿಂಭಾಗದ ಮೂಳೆ, ಅಸ್ಥಿರಜ್ಜು ತೆಗೆದು ನರಗಳಿಗೆ ಜಾಗ ಮಾಡುತ್ತಾರೆ. ಜೊತೆಗೆ ಸ್ಕ್ರೂ, ರಾಡ್ ಹಾಕಿ ಮಣಿಗಳನ್ನು ಬೆಸೆಯಬೇಕು ಎಂದರೆ ಕಾರಣ ಕೇಳಿ. 2016ರಲ್ಲಿ ಹೊರಬಂದ ಸ್ವೀಡನ್ನಿನ ಅಧ್ಯಯನದಲ್ಲಿ ಬೆಸುಗೆ ಹಾಕಿಸಿಕೊಂಡವರ ಸ್ಥಿತಿ ಎರಡು ವರ್ಷದ ನಂತರವೂ ಬೆಸುಗೆಯಿಲ್ಲದೆ ಆಪರೇಷನ್ ಆದವರಿಗಿಂತ ಉತ್ತಮವಾಗಿರಲಿಲ್ಲ. ಮಣಿಗಳು ಅಲುಗಾಡುತ್ತಿದ್ದರೆ ಮಾತ್ರ ಮಾತು ಬೇರೆ. ಆಪರೇಷನ್ ನಂತರ ಕಾಲಿನ ಸೆಳೆತ ಸಾಮಾನ್ಯವಾಗಿ ಮೊದಲು ಇಳಿಯುತ್ತದೆ. ಬಹುಕಾಲದ ಜೋಮು ಉಳಿದುಬಿಡಬಹುದು, ಸೊಂಟನೋವು ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ.