ಅಡಾಲ್ಫ್ ಬೆಕ್ ಮೊಕದ್ದಮೆ ಮತ್ತು ಗುರುತಿನ ಸಾಕ್ಷ್ಯದ ಪ್ರಾಮಾಣ್ಯ

ಇಂಗ್ಲೆಂಡಿನ ಕ್ರಿಮಿನಲ್ ಅಪೀಲು ನ್ಯಾಯಾಲಯವು 1907ರ ಶಾಸನದಿಂದ ಸ್ಥಾಪಿತವಾಯಿತು. ಅದಕ್ಕೆ ಮುಖ್ಯ ಪ್ರೇರಣೆಯಾದ ಬೆಕ್ ಮೊಕದ್ದಮೆಯನ್ನು ಸಾಕ್ಷಿಗಳ ದೃಷ್ಟಿದೋಷದ ಕಥೆಯೆಂದು ಹೇಳುವುದುಂಟು. ದೋಷವು ಸಾಕ್ಷಿಗಳ ಕಣ್ಣಿಗಿಂತ ಹೆಚ್ಚಾಗಿ ಆ ಸಾಕ್ಷ್ಯವನ್ನು ಪರೀಕ್ಷಿಸಿದ ವಿಧಾನದಲ್ಲಿತ್ತೆಂದು ತೋರಿಸುವುದು ಇಲ್ಲಿ ನಮ್ಮ ಉದ್ದೇಶ.

1877ರಲ್ಲಿ ಜಾನ್ ಸ್ಮಿತ್ ಎಂಬ ಹೆಸರಿನವನೊಬ್ಬನು ತಾನು ಪ್ರಭುವಂಶದವನೆಂದು ಸ್ತ್ರೀಯರನ್ನು ನಂಬಿಸಿ, ಬೆಲೆಯಿಲ್ಲದ ಚೆಕ್ಕು ಕೊಟ್ಟು, ಅವರ ಒಡವೆಗಳನ್ನು ಅಪಹರಿಸಿದುದಕ್ಕಾಗಿ ಲಂಡನ್ನಿನಲ್ಲಿ ಶಿಕ್ಷೆಗೊಳಗಾದನು. 1895ರ ವೇಳೆಗೆ ಅದೇ ಬಗೆಯ ವಂಚನೆಗಳು ಪುನಃ ತಲೆದೋರಿದುವು. ಆ ಡಿಸೆಂಬರಿನಲ್ಲಿ ಒಬ್ಬ ಸ್ತ್ರೀ ನಾರ್ವೆ ದೇಶದವನಾದ ಬೆಕ್‌ನನ್ನು ಬೀದಿಯಲ್ಲಿ ಕಂಡು, ತನ್ನನ್ನು ವಂಚಿಸಿದವನು ಇವನೇ ಎಂದಳು. ಅನಂತರ ಇತರ ಸ್ತ್ರೀಯರೂ ಅವನನ್ನೇ ತೋರಿಸಿದರು. ಹಳೆಯ ಪೋಲೀಸಿನವನೊಬ್ಬನು 1877ರ ಸ್ಮಿತ್ ಇವನೇ ಎಂದು ಪ್ರಮಾಣ ಮಾಡಿ ನುಡಿದನು. ಎರಡು ಕಾಲದ ಪತ್ರಗಳೂ ಒಂದೇ ಕೈಯವೆಂಬುದು ಲಿಪಿತಜ್ಞನ ಮತವಾಗಿತ್ತು.

ಈ ಮತವೇ ಬೆಕ್‌ನನ್ನು ಪಾರುಮಾಡಬಲ್ಲುದಾಗಿತ್ತು. 1877ರಲ್ಲಿ ಅವನಿದ್ದುದು ದಕ್ಷಿಣ ಅಮೆರಿಕದಲ್ಲಿ. ಎರಡೂ ಬರಹ ಒಬ್ಬನದೇ ಆದರೆ ಆ ಒಬ್ಬನು ಬೆಕ್ ಆಗಿರಲಾರನು. ಆದರೆ 1896ರ ಮಾರ್ಚಿಯ ವಿಚಾರಣೆಯಲ್ಲಿ ನ್ಯಾಯಾಧೀಶ ಫುಲ್ಟನ್ನರು 1877ರ ಪ್ರಶ್ನೆಯನ್ನೆತ್ತಲು ಅವಕಾಶ ಕೊಡಲಿಲ್ಲ. ಏಳು ವರ್ಷಗಳ ಕಠಿಣ ಸಜೆಯಾಯಿತು. ವಾಸ್ತವಾಂಶಗಳ ಮೇಲೆ ತೀರ್ಪನ್ನು ಪ್ರಶ್ನಿಸಲು ಅಂದು ಮೇಲಿನ ನ್ಯಾಯಾಲಯವಿರಲಿಲ್ಲ. ಗೃಹಮಂತ್ರಿಗೆ ಮನವಿ ಸಲ್ಲಿಸುವುದೊಂದೇ ದಾರಿ. ಸ್ಮಿತ್‌ಗೆ ಸುನ್ನತಿಯಾಗಿತ್ತು, ಬೆಕ್‌ಗೆ ಆಗಿರಲಿಲ್ಲ ಎಂಬುದು 1898ರಲ್ಲಿ ಗೃಹ ಇಲಾಖೆಗೆ ಗೊತ್ತಾಯಿತು. ಇಲಾಖೆಯು ಹಳೆಯ ಅಪರಾಧವನ್ನು ಅವನ ದಾಖಲೆಯಿಂದ ತೆಗೆಸಿತು; ಅವನನ್ನು ಮಾತ್ರ ಬಿಡಿಸಲಿಲ್ಲ.

1901ರಲ್ಲಿ ಹೊರಬಂದ ಬೆಕ್ 1904ರಲ್ಲಿ ಮತ್ತೆ ಅದೇ ಬಗೆಯ ಗುರುತಿನಿಂದ ಅಪರಾಧಿಯೆನಿಸಿದನು. ಅವನು ಸೆರೆಯಲ್ಲಿದ್ದಾಗಲೇ ಅಂಥದೇ ಇನ್ನೊಂದು ವಂಚನೆ ನಡೆದು, ನಿಜವಾದ ಅಪರಾಧಿ ಸಿಕ್ಕಿಬಿದ್ದನು. ಬೆಕ್‌ಗೆ ಕ್ಷಮಾದಾನವೂ 5000 ಪೌಂಡುಗಳ ಪರಿಹಾರವೂ ದೊರೆತುವು. 1909ರಲ್ಲಿ ಅವನು ತೀರಿಕೊಂಡನು.

ಹತ್ತು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಸತ್ಯಕ್ಕೆ ಹತ್ತರಷ್ಟು ಬಲ ಬಂದಿತೆಂದು ತೋರುವುದು ಸಹಜ. ಆದರೆ ತಪ್ಪಿನ ಮೂಲ ಒಂದೇ ಆಗಿದ್ದಲ್ಲಿ ಸಂಖ್ಯೆಯಿಂದ ಬಲ ಹೆಚ್ಚದು. ಹಲವು ಸಾಕ್ಷಿಗಳೂ ಒಟ್ಟಿಗೆ ತಪ್ಪಬಹುದೆಂದು ಜೂರಿಗೆ ಎಚ್ಚರಿಸಬೇಕೆಂಬ ನಿಯಮವನ್ನು ಇಂಗ್ಲೆಂಡಿನ ಅಪೀಲು ನ್ಯಾಯಾಲಯವು ವಿಧಿಸಿದುದು 1976ರ ಟರ್ನ್‌ಬುಲ್ ಮೊಕದ್ದಮೆಯಲ್ಲಿ. ಆಧಾರಗಳ ಸಂಖ್ಯೆಯನ್ನು ನೋಡಿ ತೃಪ್ತರಾಗುವ ನಮ್ಮಂಥ ಇತಿಹಾಸಾಭ್ಯಾಸಿಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ.