ಅಲುಗುವ ಡಬ್ಬಿ, ಅಲೆಯಾದ ದನಿ

ಎಲೆಕ್ಟ್ರಿಕ್ ಗಿಟಾರ್‌ನ ಎಫೆಕ್ಟ್ ಪೆಡಲ್‌ಗಳ ಕಥೆಯನ್ನು ಸಾಮಾನ್ಯವಾಗಿ 1962ರಿಂದ, ಗಿಬ್ಸನ್ ಕಂಪನಿಯ ಮೇಸ್ಟ್ರೋ ಫಜ್-ಟೋನ್‌ನಿಂದ ಶುರುಮಾಡುತ್ತಾರೆ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 1965ರಲ್ಲಿ ಅದಕ್ಕೆ ತಂದುಕೊಟ್ಟ ಹೆಸರು ಸಣ್ಣದಲ್ಲ. ಆದರೆ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಪ್ರತ್ಯೇಕ ಪೆಟ್ಟಿಗೆಯೊಂದನ್ನು ಇಟ್ಟು ದನಿಯನ್ನು ಬದಲಿಸುವ ಪದ್ಧತಿ ಅದಕ್ಕಿಂತ ಹಳೆಯದು. ಅಮೆರಿಕದ ಒಹಾಯೋ ರಾಜ್ಯದ ಟೊಲಿಡೊದಲ್ಲಿ ರೋ ಇಂಡಸ್ಟ್ರೀಸ್ ತಯಾರಿಸಿದ, ಹ್ಯಾರಿ ಡಿಆರ್ಮಂಡ್ ಹೆಸರಿನ ಟ್ರೆಮೊಲೊ ಕಂಟ್ರೋಲ್ 1940ರ ದಶಕದಲ್ಲೇ ಬಂದಿತ್ತು. ಚರಿತ್ರೆ ಅಲ್ಲಿಂದಲೇ ಆರಂಭವಾಗಬೇಕು.

ಅದರ ಒಳಗನ್ನು ನೋಡಿದರೆ ಅಚ್ಚರಿಯಾಗುತ್ತದೆ. ಗೋಡೆಯ ಕರೆಂಟಿನಿಂದ ತಿರುಗುವ ಪುಟ್ಟ ಮೋಟಾರು; ಅದು ಅಲುಗಿಸುವ ಒಂದು ಡಬ್ಬಿ; ಡಬ್ಬಿಯೊಳಗೆ ವಿದ್ಯುತ್ ಹರಿಯಬಲ್ಲ ಒಂದಿಷ್ಟು ದ್ರವ. ದ್ರವ ತುಳುಕಿ ಲೋಹದ ಕಡ್ಡಿಗೆ ತಾಗಿದಾಗ ಗಿಟಾರಿನ ಸಿಗ್ನಲ್ಲಿನ ಒಂದು ಪಾಲು ಅರ್ತಿಂಗ್‌ಗೆ ಹರಿದು ದನಿ ಕುಗ್ಗುತ್ತದೆ, ದ್ರವ ಹಿಂದೆ ಸರಿದಾಗ ಮತ್ತೆ ಏರುತ್ತದೆ. ವೀಣೆಯ ಕಂಪಿತ ಗಮಕದಲ್ಲಿ ಅಲುಗುವುದು ಸ್ವರಸ್ಥಾನ. ಇಲ್ಲಿ ಸ್ವರ ಕದಲುವುದಿಲ್ಲ, ಅದರ ಗಟ್ಟಿತನ ಮಾತ್ರ ಏರಿಳಿಯುತ್ತದೆ. ದ್ರವಕ್ಕೆ ತನ್ನದೇ ತೂಕ, ತನ್ನದೇ ನಿಧಾನ ಇರುವುದರಿಂದ ಆ ಏರಿಳಿತಕ್ಕೆ ಒಂದು ನಯವಿದೆ. ವರ್ಷ ಕಳೆದಂತೆ ದ್ರವ ಆರಿ, ಮತ್ತೆ ತುಂಬಿಸಬೇಕಾಗುತ್ತಿತ್ತು ಎಂಬುದೂ ನಿಜ.

ಇದನ್ನು ಪೆಡಲ್ ಎನ್ನಬಹುದೇ ಎಂಬ ಆಕ್ಷೇಪಕ್ಕೆ ಆಧಾರವಿದೆ: ವೇಗ, ಪ್ರಮಾಣ ಎರಡನ್ನೂ ಕೈಯಿಂದಲೇ ತಿರುಗಿಸಬೇಕಿತ್ತು, ಕಾಲಿಗೆ ಕೆಲಸವಿರಲಿಲ್ಲ. ಆದರೆ ಪೆಡಲನ್ನು ಪೆಡಲಾಗಿಸುವುದು ಕಾಲೊತ್ತು ಅಲ್ಲ, ವಾದ್ಯಗಾರ ಬೇಕಾದಾಗ ಜೋಡಿಸಿ ಬೇಡವಾದಾಗ ಕಳಚಿಡಬಲ್ಲ ಸ್ವಾತಂತ್ರ್ಯ. ಇನ್ನೂ ಗಟ್ಟಿಯಾದ ಆಕ್ಷೇಪ, ಟ್ರೆಮೊಲೊ ಬರೀ ಅಲಂಕಾರ, ಫಜ್‌ನಂತೆ ಸಂಗೀತದ ದಿಕ್ಕನ್ನೇ ಬದಲಿಸಲಿಲ್ಲ ಎಂಬುದು. ಇದಕ್ಕೆ ಬೋ ಡಿಡ್ಲಿ ಅವರ ಸಂಗೀತವೇ ಉತ್ತರ. ಡಿಆರ್ಮಂಡ್ ಪೆಟ್ಟಿಗೆ ಬಳಸಿದವರಲ್ಲಿ ಅವರು ಪ್ರಮುಖರು. 1955ರಲ್ಲಿ ಷಿಕಾಗೊದ ಚೆಕರ್ ಕಂಪನಿಯಿಂದ ಹೊರಬಂದ, ಅವರದೇ ಹೆಸರಿನ ಹಾಡಿನಲ್ಲಿ ಕಾರ್ಡ್ ಬದಲಾಗುವುದೇ ಅಪರೂಪ. ಜೆರೋಮ್ ಗ್ರೀನ್ ಆಡಿಸುವ ಮರಾಕಾದ ಸದ್ದಿನೊಂದಿಗೆ ಗಿಟಾರಿನ ಕಂಪನ ಹೆಣೆದುಕೊಂಡು ಲಯವನ್ನೇ ಹೊತ್ತು ನಡೆಯುತ್ತದೆ. ಆ ಕಂಪನವನ್ನು ತೆಗೆದುಬಿಟ್ಟರೆ ಹಾಡಿನ ಬೆನ್ನೆಲುಬೇ ಹೋದಂತೆ. ಇದನ್ನು ಅಲಂಕಾರ ಎನ್ನಲು ನನಗಂತೂ ಸಾಧ್ಯವಿಲ್ಲ.

ಹಾಗಾದರೆ ಆ ಪೆಟ್ಟಿಗೆ ಮರೆತುಹೋದದ್ದೇಕೆ? ಆಂಪ್ಲಿಫೈಯರೇ ಅದನ್ನು ನುಂಗಿತು. ಅದೇ 1955ರಲ್ಲಿ ಫೆಂಡರ್ ತನ್ನ ಟ್ರೆಮೊಲಕ್ಸ್‌ನಲ್ಲಿ ಈ ಸೌಲಭ್ಯವನ್ನು ಆಂಪಿನೊಳಗೇ ಅಳವಡಿಸಿತು. 1960ರ ದಶಕದ ಅದರ ಆಂಪ್‌ಗಳಲ್ಲಿ ಮಿಣುಕುವ ನಿಯಾನ್ ದೀಪವೂ ಬೆಳಕಿಗೆ ಸ್ಪಂದಿಸುವ ರೆಸಿಸ್ಟರೂ ಸೇರಿ ದ್ರವದ ಕೆಲಸವನ್ನು ಮಾಡತೊಡಗಿದವು. ಸೋರುವ, ಆರುವ ತೊಂದರೆ ತಪ್ಪಿತು. ಆದರೆ ಟ್ರೆಮೊಲೊ ಬೇಕೆಂದರೆ ಅದಿರುವ ಆಂಪನ್ನೇ ಕೊಳ್ಳಬೇಕಾಯಿತು, ಅದನ್ನೇ ಹೊರಬೇಕಾಯಿತು. ಹೀಗಾಗಿ ಪ್ರತ್ಯೇಕ ಪೆಟ್ಟಿಗೆಯ ಬೇಡಿಕೆ ಪೂರ್ತಿ ಸಾಯಲಿಲ್ಲ: ಜಪಾನಿನ ಬಾಸ್ ಕಂಪನಿ 1997ರಲ್ಲಿ ತಂದ ಟಿಆರ್-2 ಪೆಡಲ್‌ನ ಮೂರು ಗುಂಡಿಗಳಲ್ಲಿ ಎರಡು ಡಿಆರ್ಮಂಡ್‌ನಲ್ಲಿದ್ದ ವೇಗ ಮತ್ತು ಪ್ರಮಾಣವೇ, ಅಲೆಯ ಆಕಾರ ಬದಲಿಸುವ ಮೂರನೆಯದು ಹೊಸದು.