ಏಳಬಾರದ ದೇವಾಲಯ, ಏಳಲೇಬೇಕಾದ ದೇವಾಲಯ

ಕ್ರಿ.ಶ. ೩೬೩ರಲ್ಲಿ ಜೂಲಿಯನ್ ಎಂಬ ರೋಮನ್ ಚಕ್ರವರ್ತಿ ಜೆರುಸಲೇಮಿನಲ್ಲಿ ಹಾಳುಬಿದ್ದಿದ್ದ ಯಹೂದಿಗಳ ದೇವಾಲಯವನ್ನು ಮತ್ತೆ ಕಟ್ಟಿಸಲು ಹೊರಟ. ಕೆಲಸ ಶುರುವಿನಲ್ಲೇ ನಿಂತುಹೋಯಿತು. ಇದು ದೇವರೇ ತಡೆದದ್ದು ಅಂತ ಆಗಿನ ಕ್ರೈಸ್ತರು ಸಂಭ್ರಮಪಟ್ಟರು.

೨೦೨೨ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಕ್ಸಸ್‌ನಿಂದ ಐದು ಕೆಂಪು ಕಡಸುಗಳು ವಿಮಾನದಲ್ಲಿ ಇಸ್ರೇಲಿಗೆ ಬಂದಿಳಿದವು. ಅದೇ ದೇವಾಲಯ ಮತ್ತೆ ಎದ್ದು ಪೂಜೆ ನಡೆಯಬೇಕಾದರೆ ಮೊದಲು ಒಂದು ಶುದ್ಧೀಕರಣದ ವಿಧಿ ಆಗಬೇಕು, ಅದಕ್ಕೆ ಇಂಥ ಕಡಸಿನ ಬೂದಿ ಬೇಕು. ಅವುಗಳನ್ನು ಹುಡುಕಿ ಕಳಿಸಿಕೊಡಲು ಓಡಾಡಿದವರಲ್ಲಿ ಕ್ರೈಸ್ತರೂ ಇದ್ದರು!

ನಡುವೆ ಸಾವಿರದ ಆರುನೂರು ಚಿಲ್ಲರೆ ವರ್ಷ. ಬೈಬಲ್ ಅದೇ, ಅಧ್ಯಾಯಗಳೂ ಅವೇ. ಅವತ್ತು 'ಆ ದೇವಾಲಯ ಏಳಬಾರದು' ಅಂದ ಧರ್ಮದೊಳಗಿಂದಲೇ 'ಏಳಲೇಬೇಕು' ಅನ್ನುವ ಜನ ಹೇಗೆ ಬಂದರು? ಎರಡು ತಿಂಗಳಿಂದ ಇದರ ಬಗ್ಗೆಯೇ ಓದುತ್ತಿದ್ದೇನೆ. ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರ ಓದಿದವನೂ ಅಲ್ಲ. ಇತಿಹಾಸದ ಹುಚ್ಚು ಅಷ್ಟೆ.

ಮೊದಲು ಸ್ವಲ್ಪ ಹಿನ್ನೆಲೆ. ಸೊಲೊಮೋನ ಕಟ್ಟಿಸಿದ ಅನ್ನುವ ಮೊದಲ ದೇವಾಲಯವನ್ನು ಕ್ರಿ.ಪೂ. ೫೮೬ರ ಸುಮಾರಿಗೆ ಬ್ಯಾಬಿಲೋನಿನವರು ಕೆಡವಿದರು. ಸೆರೆಯಿಂದ ವಾಪಸ್ ಬಂದ ಯಹೂದಿಗಳು ಎರಡನೆಯದನ್ನು ಕಟ್ಟಿದರು. ಅದನ್ನು ಹೆರೋದ ರಾಜ ಭಾರೀ ಪ್ರಮಾಣದಲ್ಲಿ ವಿಸ್ತರಿಸಿದ. ಅವನು ಮಾಡಿಸಿದ ಜಗಲಿಯೇ ಸುಮಾರು ೩೫ ಎಕರೆ. ಕ್ರಿ.ಶ. ೭೦ರಲ್ಲಿ ಟೈಟಸ್‌ನ ರೋಮನ್ ಸೈನ್ಯ ದೇವಾಲಯವನ್ನು ಸುಟ್ಟು ಕೆಡವಿತು. ಅಲ್ಲಿಂದ ಹೊತ್ತುಕೊಂಡು ಹೋದ ಏಳು ಕವಲಿನ ದೀಪಸ್ತಂಭದ ಕೆತ್ತನೆಯನ್ನು ರೋಮಿನಲ್ಲಿರುವ ಟೈಟಸ್‌ನ ಕಮಾನಿನ ಮೇಲೆ ಈಗಲೂ ನೋಡಬಹುದು. ಇವತ್ತು ಯಹೂದಿಗಳು ಪ್ರಾರ್ಥನೆ ಮಾಡುವ ಪಶ್ಚಿಮದ ಗೋಡೆ ದೇವಾಲಯದ ಗೋಡೆಯಲ್ಲ, ಆ ಜಗಲಿಗೆ ಆಸರೆಯಾಗಿ ಕಟ್ಟಿದ್ದು.

ಈಗ ಭವಿಷ್ಯವಾಣಿಗಳ ವಿಷಯಕ್ಕೆ ಬರೋಣ. ಕನ್ನಡ ಬೈಬಲ್ಲಿನ ಮಾತಿನಲ್ಲಿ 'ಪ್ರವಾದನೆ'. ಇಡೀ ಜಗಳ ನಿಂತಿರುವುದು ಮುಖ್ಯವಾಗಿ ನಾಲ್ಕು ಕಡೆ. ಯೆಹೆಜ್ಕೇಲನ ಪುಸ್ತಕದ ಕೊನೆಯ ಒಂಬತ್ತು ಅಧ್ಯಾಯಗಳಲ್ಲಿ ದೇವದೂತನೊಬ್ಬ ಅಳತೆಗೋಲು ಹಿಡಿದು ಒಂದು ದೇವಾಲಯವನ್ನು ಬಾಗಿಲು, ಅಂಗಳ, ಕೋಣೆ ಸಮೇತ ಅಳೆದು ತೋರಿಸುತ್ತಾನೆ. ಆ ಅಳತೆಯ ದೇವಾಲಯ ಇದುವರೆಗೆ ಎದ್ದಿಲ್ಲ. ದಾನಿಯೇಲನ ಪುಸ್ತಕದ ಒಂಬತ್ತನೇ ಅಧ್ಯಾಯದಲ್ಲಿ ಎಪ್ಪತ್ತು 'ವಾರ'ಗಳ ಲೆಕ್ಕವಿದೆ, ಕೊನೆಯ ವಾರದ ಮಧ್ಯೆ ಬಲಿ ನಿಲ್ಲುತ್ತದೆ, ಹೊಲಸಾದದ್ದೊಂದು ಬಂದು ಹಾಳುಗೆಡವುತ್ತದೆ ಎಂದಿದೆ. ಮಾರ್ಕ, ಮತ್ತಾಯ, ಲೂಕರ ಸುವಾರ್ತೆಗಳಲ್ಲಿ ಯೇಸು, ಈ ಕಟ್ಟಡವೆಲ್ಲ ಪೂರ್ತಿ ಉರುಳುತ್ತದೆ ಎನ್ನುತ್ತಾನೆ. ಈ ತಲೆಮಾರು ಮುಗಿಯುವುದರೊಳಗೆ ಎಲ್ಲ ನಡೆಯುತ್ತದೆ ಅಂತಲೂ ಸೇರಿಸುತ್ತಾನೆ. ನಾಲ್ಕನೆಯದು ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರ. ಅದರಲ್ಲಿ ಅಧರ್ಮದ ಮನುಷ್ಯನೊಬ್ಬ ದೇವರ ಆಲಯದಲ್ಲಿ ಕೂತು ತಾನೇ ದೇವರೆಂದು ಹೇಳಿಕೊಳ್ಳುತ್ತಾನೆ.

ಸೂಕ್ಷ್ಮವಾಗಿ ಗಮನಿಸಿ. ಯೇಸುವಿನ ಮಾತಿನಲ್ಲಿ ದೇವಾಲಯ ಬೀಳುತ್ತದೆ ಎಂದಿದೆ. ಮತ್ತೆ ಏಳುವುದೇ ಇಲ್ಲ ಎಂದಿಲ್ಲ! ಅದನ್ನು ಸೇರಿಸಿದ್ದು ನಂತರದವರು. ಹಾಳುಬಿದ್ದದ್ದು ಕೊನೆಯವರೆಗೂ ಹಾಳಾಗಿಯೇ ಇರುತ್ತದೆ ಅಂತ ದಾನಿಯೇಲನ ಮಾತನ್ನು ಓದಿಕೊಂಡು, ಇದಕ್ಕೆ ಅದನ್ನು ಜೋಡಿಸಿದರು. ನಾಲ್ಕನೇ ಶತಮಾನದ ಯುಸೇಬಿಯಸ್‌ನಂಥ ಚರಿತ್ರಕಾರರಿಗೆ ಆ ಹಾಳು ಜಾಗವೇ ಕಣ್ಣಿಗೆ ಕಾಣುವ ಸಾಕ್ಷಿ. ಯೇಸು ಹೇಳಿದ್ದು ನಿಜವೋ ಸುಳ್ಳೋ ಅಂತ ಯಾರಾದರೂ ಕೇಳಿದರೆ, ಹೋಗಿ ಆ ಕಲ್ಲಿನ ರಾಶಿ ನೋಡಿ ಬನ್ನಿ ಅನ್ನಬಹುದಿತ್ತು.

ಜೂಲಿಯನ್ ಕೈಹಾಕಿದ್ದು ಸರಿಯಾಗಿ ಈ ಸಾಕ್ಷಿಗೇ. ಅವನು ಕ್ರೈಸ್ತನಾಗಿ ಬೆಳೆದು, ಆಮೇಲೆ ಹಳೆಯ ರೋಮನ್ ದೇವರುಗಳ ಕಡೆಗೆ ವಾಪಸ್ ಹೋದವನು. ಯೇಸುವಿನ ಮಾತನ್ನು ಸುಳ್ಳು ಮಾಡಲೆಂದೇ ಅವನು ಕಟ್ಟಲು ಹೊರಟ ಎನ್ನುವುದು ಕ್ರೈಸ್ತ ಲೇಖಕರ ವಾದ. ಬಲಿಪೂಜೆಯ ಬಗ್ಗೆ ಅವನಿಗೆ ಇದ್ದ ಒಲವೂ ಒಂದು ಕಾರಣ ಇರಬೇಕು. ಅಂಟಿಯೋಕ್ಯದ ಅಲಿಪಿಯಸ್ ಎಂಬವನಿಗೆ ಉಸ್ತುವಾರಿ ವಹಿಸಿದ. ಅಡಿಪಾಯದ ಹತ್ತಿರ ಬೆಂಕಿಯ ಉಂಡೆಗಳು ಎದ್ದು ಕೆಲಸಗಾರರು ಹತ್ತಿರ ಹೋಗಲಾರದಾದರು ಅಂತ ಬರೆದವನು ಕ್ರೈಸ್ತನಲ್ಲ, ಜೂಲಿಯನ್‌ನ ಅಭಿಮಾನಿಯೇ ಆಗಿದ್ದ ಅಮ್ಮಿಯಾನಸ್ ಮಾರ್ಸೆಲಿನಸ್. ಅದೇ ವರ್ಷದ ಮೇ ತಿಂಗಳಲ್ಲಿ ಆ ಪ್ರದೇಶದಲ್ಲಿ ದೊಡ್ಡ ಭೂಕಂಪ ಆಗಿತ್ತು, ಎರಡಕ್ಕೂ ಸಂಬಂಧ ಇರಬಹುದು. ಜೂನಿನಲ್ಲಿ ಪರ್ಷಿಯದ ಯುದ್ಧದಲ್ಲಿ ಜೂಲಿಯನ್ ಸತ್ತ. ಅಲ್ಲಿಗೆ ಕಥೆ ಮುಗಿಯಿತು.

ಮುಗಿಯಲಿಲ್ಲ, ಪ್ರಚಾರ ಶುರುವಾಯಿತು. ಇಪ್ಪತ್ತು ಚಿಲ್ಲರೆ ವರ್ಷದ ನಂತರ ಅಂಟಿಯೋಕ್ಯದಲ್ಲಿ ಜಾನ್ ಕ್ರಿಸೊಸ್ತಮ್ ತನ್ನ ಕಟುವಾದ ಯಹೂದಿ ವಿರೋಧಿ ಉಪದೇಶಗಳಲ್ಲಿ ಇದನ್ನೇ ಎತ್ತಿ ಆಡಿದ. ಬೈಜಾಂಟಿಯಂ ಕಾಲದ ಉದ್ದಕ್ಕೂ ಆ ೩೫ ಎಕರೆಯ ಮೇಲೆ ಹೇಳಿಕೊಳ್ಳುವಂಥ ಕ್ರೈಸ್ತ ಕಟ್ಟಡ ಏಳಲಿಲ್ಲ. ಸ್ವಲ್ಪ ಪಶ್ಚಿಮಕ್ಕೆ ಯೇಸುವಿನ ಸಮಾಧಿಯ ದೊಡ್ಡ ಚರ್ಚು ೩೩೫ರಲ್ಲೇ ಆಗಿತ್ತು. ಯುಸೇಬಿಯಸ್‌ಗೆ ಹೊಸ ಜೆರುಸಲೇಮ್ ಅಂದರೆ ಅದೇ. ಜೋರ್ಡನ್ನಿನ ಮಾದಬಾದಲ್ಲಿ ಆರನೇ ಶತಮಾನದ ಮೊಸಾಯಿಕ್ ನಕ್ಷೆಯೊಂದಿದೆ. ಅದರಲ್ಲಿ ಜೆರುಸಲೇಮಿನ ಬೀದಿ, ಕಂಬ, ಚರ್ಚುಗಳೆಲ್ಲ ಚಂದವಾಗಿ ಕಾಣುತ್ತವೆ. ಊರಿನ ಅತಿ ದೊಡ್ಡ ಜಾಗವಾದ ಆ ಜಗಲಿಯೇ ಹೆಚ್ಚುಕಡಿಮೆ ನಾಪತ್ತೆ. ನನಗೆ ಈ ವಿವರ ತುಂಬಾ ಹಿಡಿಸಿತು. ಬೇಡದ್ದನ್ನು ಕೆಡವಿದರೆ ಸಾಲದು, ನಕ್ಷೆಯಿಂದಲೂ ಬಿಟ್ಟುಬಿಡಬೇಕು.

ಆದರೆ ಆಗಲೂ ಎಲ್ಲರೂ ಒಂದೇ ರಾಗ ಹಾಡುತ್ತಿರಲಿಲ್ಲ. ಎರಡನೇ ಶತಮಾನದ ಐರೆನಿಯಸ್, ಕ್ರಿಸ್ತವಿರೋಧಿ ಜೆರುಸಲೇಮಿನ ದೇವಾಲಯದಲ್ಲೇ ಕೂರುತ್ತಾನೆ ಎಂದಿದ್ದ. ಅವನ ನಂತರದ ಹಿಪ್ಪೊಲಿಟಸ್, ಆ ಕ್ರಿಸ್ತವಿರೋಧಿಯೇ ಕಲ್ಲಿನ ದೇವಾಲಯ ಕಟ್ಟುತ್ತಾನೆ ಎಂದ. ದಾನಿಯೇಲನ ಕೊನೆಯ ವಾರವನ್ನು ಉಳಿದವುಗಳಿಂದ ಬಿಡಿಸಿ ಲೋಕದ ಅಂತ್ಯಕ್ಕೆ ತಳ್ಳಿದವನೂ ಅವನೇ. ಈ ಬೀಜ ಮುಂದೆ ಹೇಗೆ ಮರವಾಯಿತು ಅನ್ನುವುದು ಆಮೇಲೆ.

೬೩೮ರ ಹೊತ್ತಿಗೆ ಜೆರುಸಲೇಮ್ ಮುಸ್ಲಿಮರ ಕೈಗೆ ಬಂತು. ಖಲೀಫ ಉಮರ್ ಅಲ್ಲಿಗೆ ಬಂದಾಗ ದಾನಿಯೇಲ ಹೇಳಿದ ಹೊಲಸು ಇದೇ ಅಂತ ಪಾದ್ರಿ ಸೊಫ್ರೋನಿಯಸ್ ಗೋಳಾಡಿದನೆಂದು, ಸುಮಾರು ೧೭೦ ವರ್ಷ ಕಳೆದ ಮೇಲೆ ಥಿಯೋಫನೀಸ್ ಬರೆದ. ೬೯೧-೯೨ರಲ್ಲಿ ಖಲೀಫ ಅಬ್ದ್ ಅಲ್-ಮಲಿಕ್ ಬಂಡೆಯ ಗುಮ್ಮಟವನ್ನು ಕಟ್ಟಿಸಿದ. ೧೦೯೯ರಲ್ಲಿ ಕ್ರುಸೇಡಿನವರು ಊರು ಗೆದ್ದಾಗ ಅದನ್ನು ಕೆಡವಲಿಲ್ಲ, ಪ್ರಭುವಿನ ದೇವಾಲಯ ಅಂತ ಹೆಸರಿಟ್ಟು ಚರ್ಚು ಮಾಡಿಕೊಂಡರು. ಪಕ್ಕದ ಅಲ್-ಅಕ್ಸಾ ಮಸೀದಿಗೆ ಸೊಲೊಮೋನನ ದೇವಾಲಯ ಅಂತ ಹೆಸರು ಬಿತ್ತು. ಡ್ಯಾನ್ ಬ್ರೌನ್ ಕಾದಂಬರಿ ಓದಿದವರಿಗೆ ಗೊತ್ತಿರುವ ಟೆಂಪ್ಲರ್ ಯೋಧರಿಗೆ ಆ ಹೆಸರು ಬಂದದ್ದು ಅಲ್ಲಿ ಬೀಡುಬಿಟ್ಟಿದ್ದರಿಂದ.

ಇನ್ನು ನಮ್ಮಂಥ ಲೆಕ್ಕದ ಜನಕ್ಕೆ ಹಬ್ಬವಾಗುವ ಭಾಗ: ದಾನಿಯೇಲನ ಎಪ್ಪತ್ತು ವಾರ. ಇಲ್ಲಿ ವಾರ ಅಂದರೆ ಏಳು ವರ್ಷ, ಒಟ್ಟು ೪೯೦ ವರ್ಷ. ಎಲ್ಲಿಂದ ಎಣಿಸಬೇಕು? ಜೆರುಸಲೇಮನ್ನು ಮತ್ತೆ ಕಟ್ಟಲು ಅಪ್ಪಣೆಯಾದ ದಿನದಿಂದ. ಯಾವ ಅಪ್ಪಣೆ? ಪರ್ಷಿಯದ ರಾಜರು ಕೊಟ್ಟ ಅಪ್ಪಣೆ ಒಂದೆರಡಲ್ಲ! ಮೂರನೇ ಶತಮಾನದಲ್ಲಿ ಪೊರ್ಫಿರಿ ಎಂಬ ಕ್ರೈಸ್ತೇತರ ಪಂಡಿತ, ಇದು ಭವಿಷ್ಯವೇ ಅಲ್ಲ, ಕ್ರಿ.ಪೂ. ೧೬೭ರಲ್ಲಿ ಆಂಟಿಯೋಕಸ್ ರಾಜ ದೇವಾಲಯವನ್ನು ಅಪವಿತ್ರ ಮಾಡಿದಾಗ ಆ ಕಾಲದವನೇ ಬರೆದದ್ದು ಎಂದುಬಿಟ್ಟ. ಇವತ್ತಿನ ಬಹುಪಾಲು ವಿದ್ವಾಂಸರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ, ನನಗೂ ಇದೇ ಸರಿ ಅನ್ನಿಸುತ್ತದೆ. ಸಂತ ಜೆರೋಮ್ ೪೦೭ರ ಸುಮಾರಿಗೆ ದಾನಿಯೇಲನಿಗೆ ವ್ಯಾಖ್ಯಾನ ಬರೆದು ಪೊರ್ಫಿರಿಯನ್ನು ಝಾಡಿಸಿದ. ಆದರೆ ಈ ಎಪ್ಪತ್ತು ವಾರಗಳ ಜಾಗಕ್ಕೆ ಬಂದಾಗ, ದೊಡ್ಡವರು ಹೀಗೆ ಹೀಗೆ ಹೇಳಿದ್ದಾರೆ ಅಂತ ಒಬ್ಬೊಬ್ಬರ ಲೆಕ್ಕವನ್ನೂ ಸಾಲಾಗಿ ಕೊಟ್ಟು, ಯಾವುದು ಸರಿ ಅಂತ ತಾನು ಹೇಳದೆ ಜಾರಿಕೊಂಡ. ಅದರಲ್ಲಿ ಲವೊದಿಕೀಯದ ಅಪೊಲ್ಲಿನಾರಿಸ್‌ನ ಲೆಕ್ಕವೂ ಇದೆ. ಅವನು ಯೇಸುವಿನ ಹುಟ್ಟಿನಿಂದ ಎಣಿಸಿ, ಸುಮಾರು ೪೯೦ರ ಹೊತ್ತಿಗೆ ಎಲ್ಲ ಮುಗಿಯುತ್ತದೆ ಎಂದಿದ್ದ. ೪೯೦ ಬಂತು, ಹೋಯಿತು.

ಮಾರ್ಟಿನ್ ಲೂಥರ್ ಮತ್ತು ಅವನ ಜೊತೆಯವರು ಇಡೀ ಆಟವನ್ನೇ ಬದಲಿಸಿದರು. ಥೆಸಲೋನಿಕದ ಪತ್ರದಲ್ಲಿರುವ ದೇವರ ಆಲಯ ಅಂದರೆ ಜೆರುಸಲೇಮಿನ ಕಟ್ಟಡವಲ್ಲ, ಚರ್ಚು. ಅದರಲ್ಲಿ ಕೂತಿರುವ ಕ್ರಿಸ್ತವಿರೋಧಿ ಪೋಪ್! ಕ್ಯಾಥೊಲಿಕರು ಸುಮ್ಮನಿರುತ್ತಾರೆಯೇ? ಫ್ರಾನ್ಸಿಸ್ಕೊ ರಿಬೇರಾ ಎಂಬ ಜೆಸ್ಯೂಟ್ ಪಾದ್ರಿ, ಕ್ರಿಸ್ತವಿರೋಧಿ ಇನ್ನೂ ಬಂದೇ ಇಲ್ಲ, ಲೋಕಾಂತ್ಯದ ಹತ್ತಿರ ಬರುತ್ತಾನೆ ಎಂದ. ಇನ್ನೊಬ್ಬ ಜೆಸ್ಯೂಟ್ ಲೂಯಿಸ್ ದೆ ಅಲ್ಕಾಸರ್, ಪ್ರಕಟನೆಯ ಪುಸ್ತಕದ ಬಹುಭಾಗ ಹಳೆಯ ಕಾಲದಲ್ಲೇ ನಡೆದು ಮುಗಿದಿದೆ ಎಂದ. ಅವನ ಪುಸ್ತಕ ಅಚ್ಚಾದದ್ದು ೧೬೧೪ರಲ್ಲಿ. ಪೋಪನನ್ನು ಕಾಪಾಡಲು ಒಬ್ಬ ಭವಿಷ್ಯಕ್ಕೆ ಹೋದ, ಇನ್ನೊಬ್ಬ ಭೂತಕ್ಕೆ. ತಮಾಷೆಯೆಂದರೆ, ಈಗ ಈ ಎರಡು ವಾದಗಳನ್ನೂ ಅತಿ ಜೋರಾಗಿ ಹೇಳುವವರಲ್ಲಿ ಪ್ರೊಟೆಸ್ಟೆಂಟರೇ ಬೇಕಾದಷ್ಟು ಜನ.

ಅಮೆರಿಕದ ವಿಲಿಯಂ ಮಿಲ್ಲರ್ ಕಥೆ ಇನ್ನೂ ವಿಚಿತ್ರ. ದಾನಿಯೇಲನ ಎಂಟನೇ ಅಧ್ಯಾಯದಲ್ಲಿ ೨೩೦೦ ದಿನಗಳ ನಂತರ ಪವಿತ್ರಾಲಯದ ಶುದ್ಧಿ ಆಗುತ್ತದೆ ಎಂದಿದೆ. ದಿನಕ್ಕೊಂದು ವರ್ಷದಂತೆ ಹಿಡಿದ ಅವನ ಲೆಕ್ಕವನ್ನೇ ಅನುಯಾಯಿಗಳು ತಿದ್ದಿ ೧೮೪೪ರ ಅಕ್ಟೋಬರ್ ೨೨ ಅಂತ ತಾರೀಖು ಇಟ್ಟರು. ಯೇಸು ಬರುತ್ತಾನೆ ಅಂತ ಸಾವಿರಾರು ಜನ ಕಾದರು. ಬರಲಿಲ್ಲ. ಕೆಲವರು ಮನೆಗೆ ಹೋದರು. ಇನ್ನು ಕೆಲವರು, ಲೆಕ್ಕ ಸರಿಯೇ ಇದೆ, ಆ ಪವಿತ್ರಾಲಯ ಭೂಮಿಯ ಮೇಲೆ ಇಲ್ಲ, ಸ್ವರ್ಗದಲ್ಲಿದೆ, ಅಲ್ಲಿ ಕೆಲಸ ಶುರುವಾಗಿದೆ ಎಂದರು. ಸೆವೆಂತ್-ಡೇ ಅಡ್ವೆಂಟಿಸ್ಟ್ ಪಂಗಡ ಬೆಳೆದದ್ದು ಈ ಗುಂಪಿನಿಂದ.

ನಿಜವಾದ ತಿರುವು ಬಂದದ್ದು ಅದೇ ಶತಮಾನದ ಜಾನ್ ನೆಲ್ಸನ್ ಡಾರ್ಬಿಯಿಂದ. ಎಪ್ಪತ್ತರಲ್ಲಿ ಅರವತ್ತೊಂಬತ್ತು ವಾರ ಮುಗಿದಿವೆ, ಯಹೂದಿಗಳು ಯೇಸುವನ್ನು ಒಪ್ಪದ ಕಾರಣ ದೇವರ ಗಡಿಯಾರ ಅಲ್ಲಿಗೆ ನಿಂತಿದೆ, ಕೊನೆಯ ಏಳು ವರ್ಷ ಬಾಕಿ ಇದೆ ಅನ್ನುವುದು ಅವನ ಓದು. ಹಿಪ್ಪೊಲಿಟಸ್‌ನ ಹಳೆಯ ಬೀಜ! ಪ್ರೋಗ್ರಾಮ್ ಹ್ಯಾಂಗ್ ಆಗಿಲ್ಲ, ವೆಯ್ಟ್‌ನಲ್ಲಿದೆ ಅಂದಹಾಗೆ. ಕೊನೆಯ ವಾರದ ನಡುವೆ ಬಲಿ ನಿಲ್ಲಬೇಕು ಅಂದರೆ ಮೊದಲು ಬಲಿ ಶುರುವಾಗಿರಬೇಕು, ಅದಕ್ಕೆ ದೇವಾಲಯ ಇರಬೇಕು. ಹೀಗೆ, ಏಳಬಾರದಾಗಿದ್ದ ಕಟ್ಟಡ ಏಳಲೇಬೇಕಾದದ್ದಾಯಿತು. ೧೯೦೯ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್ ಈ ಓದನ್ನು ಬೈಬಲ್ಲಿನ ಪುಟಗಳ ಅಡಿಯಲ್ಲೇ ಟಿಪ್ಪಣಿಯಾಗಿ ಅಚ್ಚುಹಾಕಿತು. ಲಕ್ಷಾಂತರ ಓದುಗರಿಗೆ ಮೂಲ ಯಾವುದು, ಟಿಪ್ಪಣಿ ಯಾವುದು ಅನ್ನುವ ಗೆರೆಯೇ ಅಳಿಸಿಹೋಗಿರಬೇಕು.

ಈ ಪಂಥದ ಲೆಕ್ಕದ ಕಸರತ್ತಿಗೆ ಒಂದು ಉದಾಹರಣೆ ಕೊಡದೆ ಮುಂದೆ ಹೋಗಲಾರೆ. ಕ್ರಿ.ಪೂ. ೪೪೫ರ ಅಪ್ಪಣೆಯಿಂದ ೬೯ ವಾರ, ಅಂದರೆ ೪೮೩ ವರ್ಷ ಎಣಿಸಿದರೆ ಕ್ರಿ.ಶ. ೩೯ಕ್ಕೆ ಬಂದು ನಿಲ್ಲುತ್ತದೆ. ಯೇಸುವಿನ ಕಾಲ ದಾಟಿಹೋಯಿತು. ಸರ್ ರಾಬರ್ಟ್ ಆಂಡರ್ಸನ್ ವರ್ಷಕ್ಕೆ ೩೬೦ ದಿನ ಅಂತ ಹಿಡಿದ. ೧,೭೩,೮೮೦ ದಿನ. ಸರಿಯಾಗಿ ಕ್ರಿ.ಶ. ೩೨ರ ಏಪ್ರಿಲ್ ೬ಕ್ಕೆ ತಂದು ನಿಲ್ಲಿಸಿದ! ಈತ ಜ್ಯಾಕ್ ದಿ ರಿಪ್ಪರ್ ಕೊಲೆಗಳ ಕಾಲದಲ್ಲಿ ಲಂಡನ್ ಪೊಲೀಸಿನ ಅಪರಾಧ ವಿಭಾಗದ ಮುಖ್ಯಸ್ಥ. ರಿಪ್ಪರ್ ಮಾತ್ರ ಸಿಗಲಿಲ್ಲ.

ಕ್ಯಾಥೊಲಿಕ್, ಆರ್ಥೊಡಾಕ್ಸ್ ಚರ್ಚುಗಳಿಗೆ, ಎಷ್ಟೋ ಪ್ರೊಟೆಸ್ಟೆಂಟರಿಗೆ ಮೂರನೇ ದೇವಾಲಯದ ಅಗತ್ಯವೇ ಇಲ್ಲ. ಯೇಸುವಿನ ದೇಹವೇ ದೇವಾಲಯ, ನಂಬಿದವರ ಸಮೂಹವೇ ದೇವಾಲಯ ಅನ್ನುತ್ತಾರೆ ಅವರು. ಇಬ್ರಿಯರಿಗೆ ಬರೆದ ಪತ್ರದ ಪ್ರಕಾರ ಯೇಸುವಿನ ಬಲಿ ಒಂದೇ ಸಾರಿ, ಎಲ್ಲ ಕಾಲಕ್ಕೂ ಸಾಕು. ಮತ್ತೆ ಪ್ರಾಣಿ ಕಡಿಯುವುದೇಕೆ? ಯೆಹೆಜ್ಕೇಲನ ದೇವಾಲಯದ ಬಲಿಗಳು ನೆನಪಿಗೆ ಮಾತ್ರ ಅಂತ ಸ್ಕೋಫೀಲ್ಡ್ ಉತ್ತರ ಕೊಟ್ಟ. ಮೂಲದಲ್ಲಿ ಅವು ಪಾಪಪರಿಹಾರಕ್ಕೆ ಅಂತಲೇ ಇದೆ. ಅಕ್ಷರಶಃ ಓದಬೇಕು ಅನ್ನುವವರೇ ಇಲ್ಲಿ ಅಕ್ಷರ ಬಿಟ್ಟದ್ದು ನನಗೆ ವಿಚಿತ್ರವಾಗಿ ಕಂಡಿತು.

ಇದೆಲ್ಲ ಪಂಡಿತರ ಜಗಳವಾಗಿಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ೧೯೬೭ರ ಜೂನಿನ ಯುದ್ಧದಲ್ಲಿ ಜೆರುಸಲೇಮಿನ ಹಳೇ ಊರು ಇಸ್ರೇಲಿನ ಕೈಗೆ ಬಂತು. ಜಗಲಿಯ ಆಡಳಿತವನ್ನು ಮೋಶೆ ದಯಾನ್ ಮುಸ್ಲಿಂ ವಕ್ಫ್‌ಗೇ ಬಿಟ್ಟ. ಎರಡೇ ವರ್ಷ. ೧೯೬೯ರ ಆಗಸ್ಟ್ ೨೧ರಂದು ಡೆನಿಸ್ ಮೈಕೇಲ್ ರೋಹನ್ ಎಂಬ ಆಸ್ಟ್ರೇಲಿಯದ ಕ್ರೈಸ್ತ ಅಲ್-ಅಕ್ಸಾ ಮಸೀದಿಗೆ ಬೆಂಕಿ ಇಟ್ಟ. ದೇವಾಲಯಕ್ಕೆ ಜಾಗ ತೆರವು ಮಾಡಲು ದೇವರು ತನ್ನನ್ನು ಆರಿಸಿದ್ದಾನೆ ಅಂತ ಅವನ ನಂಬಿಕೆ. ಸಲಾದಿನ್ ತಂದಿಟ್ಟಿದ್ದ, ಎಂಟುನೂರು ವರ್ಷ ಹಳೆಯ ಮರದ ಪ್ರವಚನಪೀಠ ಸುಟ್ಟುಹೋಯಿತು. ನ್ಯಾಯಾಲಯ ಅವನನ್ನು ಬುದ್ಧಿಭ್ರಮಣೆಯಾದವನೆಂದು ಆಸ್ಪತ್ರೆಗೆ ಕಳಿಸಿತು. ಹುಚ್ಚ ನಿಜ. ಆದರೆ ಆ ಹುಚ್ಚಿಗೆ ಪಠ್ಯ ಒದಗಿಸಿದ್ದು ಅವನು ಓದುತ್ತಿದ್ದ ಭವಿಷ್ಯವಾಣಿಯ ವ್ಯಾಖ್ಯಾನಗಳು.

ಆ ಬೆಂಕಿಯ ಬಿಸಿ ಭಾರತಕ್ಕೂ ತಟ್ಟಿತು. ಮುಂದಿನ ತಿಂಗಳೇ ಮೊರಾಕ್ಕೊದ ರಬಾತ್‌ನಲ್ಲಿ ಮುಸ್ಲಿಂ ದೇಶಗಳ ಸಮಾವೇಶ ನಡೆಯಿತು, ಇಸ್ಲಾಮಿಕ್ ದೇಶಗಳ ಸಂಘಟನೆ ಹುಟ್ಟಿದ್ದು ಅಲ್ಲಿಂದ. ಭಾರತಕ್ಕೂ ಆಹ್ವಾನ ಬಂದು, ಫಕ್ರುದ್ದೀನ್ ಅಲಿ ಅಹಮದ್ ನೇತೃತ್ವದ ನಿಯೋಗ ಅಲ್ಲಿಗೆ ಹೋಯಿತು. ಪಾಕಿಸ್ತಾನದ ಯಾಹ್ಯಾ ಖಾನ್ ಹಟ ಹಿಡಿದದ್ದರಿಂದ ನಮ್ಮವರನ್ನು ಹೊರಗಿಟ್ಟರು.

ಈಗ ಮತ್ತೆ ಟೆಕ್ಸಸ್ಸಿನ ಆ ಕಡಸುಗಳಿಗೆ ಬರೋಣ. ಮೈಮೇಲೆ ಒಂದೆರಡು ಬೇರೆ ಬಣ್ಣದ ಕೂದಲು ಕಂಡರೂ ಅವು ವಿಧಿಗೆ ಅನರ್ಹ. ಇಷ್ಟೆಲ್ಲ ಆದರೂ ಜಗಲಿಯ ಮೇಲೆ ಕಾಲಿಡುವುದೇ ನಿಷಿದ್ಧ ಅನ್ನುವ ಯಹೂದಿ ರಬ್ಬಿಗಳು ಬಹಳ ಮಂದಿ ಇದ್ದಾರೆ. ಗಾಜಾ ಯುದ್ಧ ಶುರುವಾಗಿ ನೂರು ದಿನವಾದಾಗ, ೨೦೨೪ರ ಜನವರಿಯಲ್ಲಿ, ಹಮಾಸ್‌ನ ವಕ್ತಾರ ತನ್ನ ಭಾಷಣದಲ್ಲಿ ಈ ಕೆಂಪು ಹಸುಗಳನ್ನೂ ಎತ್ತಿದ. ಇನ್ನು ಡಾರ್ಬಿಯ ಪಂಥದ ಪ್ರಕಾರ ಆ ದೇವಾಲಯ ಎದ್ದ ಮೇಲೆ ಏನಾಗುತ್ತದೆ ಗೊತ್ತೆ? ಮೂರೂವರೆ ವರ್ಷದ ನಂತರ ಕ್ರಿಸ್ತವಿರೋಧಿ ಅದರೊಳಗೆ ಹೋಗಿ ಕೂರುತ್ತಾನೆ, ಬಲಿ ನಿಲ್ಲಿಸುತ್ತಾನೆ. ಆಮೇಲಿನ ಸಂಕಟದಲ್ಲಿ ಆ ನಾಡಿನ ಯಹೂದಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಸಾಯುತ್ತಾರೆ ಅಂತ ಜೆಕರ್ಯನ ಪುಸ್ತಕವನ್ನು ತೋರಿಸಿ ಹೇಳುವವರೂ ಅವರಲ್ಲಿದ್ದಾರೆ. ಅವರ ಪ್ರಕಾರ ಆ ಕಟ್ಟಡ ಏಳಬೇಕಾಗಿರುವುದೇ ಅದಕ್ಕೆ.